ಎಳೆ ಹರಿದ ಮೇಲೆ

ಹತ್ತಿಯ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿದ್ದ ದಾವಣಗೆರೆಯ ಜನರಿಗೆ ನೂಲಿನ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಿ ಎಳೆ ಬೆರಳಿಗೆ ಸಿಕ್ಕರೆ ಹರಿಯುವುದು. ಹಾಸುಹೊಕ್ಕಾಗಿ ನೇಯ್ದರೆ ಮೈ ಮುಚ್ಚುವ ಬಟ್ಟೆಯಾಗುವುದು. ಮನುಷ್ಯಸಮಾಜವೂ ಅಂಥದೊಂದು ನೇಯ್ಗೆಯೇ. ಅಣ್ವಸ್ತ್ರ ಯುದ್ಧವು ಅದನ್ನು ಹೇಗೆ ಚಿಂದಿಮಾಡಬಲ್ಲದೆಂಬುದನ್ನು ತೋರಿಸುವ ಚಿತ್ರವೊಂದನ್ನು ಬಿ.ಬಿ.ಸಿ. ಸಂಸ್ಥೆಯು 1984ರ ಸೆಪ್ಟೆಂಬರಿನಲ್ಲಿ ಟೆಲಿವಿಷನ್ ಮೂಲಕ ಪ್ರಸಾರ ಮಾಡಿತು. ಅದರ ಹೆಸರು ‘ಥ್ರೆಡ್ಸ್’, ಎಂದರೆ ‘ಎಳೆಗಳು’. ಬರೆದವರು ಬ್ಯಾರಿ ಹೈನ್ಸ್, ನಿರ್ದೇಶಿಸಿದವರು ಮಿಕ್ ಜಾಕ್ಸನ್.

ಕಥೆ ನಡೆಯುವುದು ಇಂಗ್ಲೆಂಡಿನ ಉಕ್ಕಿನ ನಗರವಾದ ಶೆಫೀಲ್ಡಿನಲ್ಲಿ. ರೂತ್ ಮತ್ತು ಜಿಮ್ಮಿ ಎಂಬ ತರುಣ ಜೋಡಿ ಮದುವೆಯ ಸಿದ್ಧತೆಯಲ್ಲಿರುವಾಗ ಯುದ್ಧ ಬಂದೆರಗುತ್ತದೆ. ಜಿಮ್ಮಿ ಅವಳಿಗೆ ಮತ್ತೆ ದೊರೆಯುವುದಿಲ್ಲ. ರೂತ್ ಹೆಣ್ಣುಮಗುವನ್ನು ಹೆರುತ್ತಾಳೆ. ಯುದ್ಧವಾಗಿ 13 ವರ್ಷಗಳು ಕಳೆದರೂ ಆ ಮಗಳ ಪಾಲಿಗೆ ನೆಮ್ಮದಿಯೆಂಬುದಿಲ್ಲ. ಇಷ್ಟು ಕಠೋರವಾದ ಚಿತ್ರವನ್ನು ಮಕ್ಕಳಿಗೆ ತೋರಿಸುವುದು ಸಲ್ಲದು.

ಚಿತ್ರದ ಮೊದಲನೆಯ ಗುಣವನ್ನು ನಮ್ಮ ಊರುಗಳನ್ನೇ ಮುಂದಿಟ್ಟುಕೊಂಡು ತಿಳಿಯಬಹುದು. ಒಂದು ಮೆಗಾಟನ್ ಶಕ್ತಿಯ ಬಾಂಬು ದಾವಣಗೆರೆಯ ಮೇಲೆ ಸಿಡಿಯಿತೆಂದು ಭಾವಿಸೋಣ. ಸುಮಾರು 14 ಕಿಲೋಮೀಟರು ದೂರದ ಹರಿಹರದಲ್ಲಿ ಕಿಟಕಿಯ ಗಾಜುಗಳು ಒಡೆದಾವು. ಆದರೆ ಬಹುಪಾಲು ಮನೆಗಳು ನಿಂತೇ ಇದ್ದಾವು. ತುಂಗಭದ್ರೆಯೂ ಹರಿಯುತ್ತಲೇ ಇರುವಳು. ಆದರೇನು? ಹೊಳೆಯ ನೀರನ್ನು ಮೇಲೆತ್ತುವ ಪಂಪಿಗೆ ವಿದ್ಯುತ್ತು ಬೇಕು. ಲಕ್ಕವಳ್ಳಿಯ ಭದ್ರಾ ಜಲಾಶಯದ ತೂಬುಗಳನ್ನು ನೋಡಿಕೊಳ್ಳುವವರು ಬೇಕು. ಗದ್ದೆಗೆ ಗೊಬ್ಬರ, ಲಾರಿಗೆ ಡೀಸೆಲ್, ಆಸ್ಪತ್ರೆಗೆ ಔಷಧ ಹೊರಗಿನಿಂದ ಬರಬೇಕು. ಬಾಂಬಿಗೆ ತುತ್ತಾಗದೆ ಉಳಿದ ಊರೂ ಈ ಎಳೆಗಳು ಹರಿದ ಕೆಲವೇ ವಾರಗಳಲ್ಲಿ ಹಸಿವಿಗೆ ಸಿಕ್ಕುವುದು. ಸ್ಫೋಟಕ್ಕಿಂತ ಅದರ ಮರುದಿನಗಳೇ ಹೆಚ್ಚು ಭಯಂಕರವೆಂಬ ಈ ಸತ್ಯವನ್ನು ‘ಥ್ರೆಡ್ಸ್’ ಮನಮುಟ್ಟುವಂತೆ ತೋರಿಸಿದೆ.

ಎರಡನೆಯ ಗುಣ ಅದರ ವಿಜ್ಞಾನನಿಷ್ಠೆ. 1983ರ ಡಿಸೆಂಬರಿನಲ್ಲಿ ಕಾರ್ಲ್ ಸೇಗನ್ ಮೊದಲಾದ ಐವರು ವಿಜ್ಞಾನಿಗಳು ‘ಅಣುಚಳಿಗಾಲ’ದ ಕಲ್ಪನೆಯನ್ನು ಮಂಡಿಸಿದರು. ಉರಿಯುವ ನಗರಗಳ ಕಪ್ಪು ಮಸಿಯು ಬಿಸಿಲಿಗೆ ಕಾದು ಮೋಡಗಳಿಗಿಂತಲೂ ಮೇಲಕ್ಕೇರುತ್ತದೆ. ಅಲ್ಲಿ ಅದನ್ನು ತೊಳೆಯಲು ಮಳೆಯಿಲ್ಲ. ವರ್ಷಗಟ್ಟಲೆ ಅಲ್ಲಿಯೇ ನಿಂತು ಸೂರ್ಯನ ಬೆಳಕನ್ನು ತಡೆಯುವುದರಿಂದ ನೆಲ ತಣ್ಣಗಾಗಿ ಬೆಳೆ ಕೆಡುತ್ತದೆ. ಈ ವಿಚಾರವು ಪ್ರಕಟವಾಗಿ ಒಂದು ವರ್ಷ ತುಂಬುವ ಮುನ್ನವೇ ಚಿತ್ರವು ಅದನ್ನು ತೆರೆಗೆ ತಂದಿತು. ಎಷ್ಟು ಮಸಿ ಮೇಲೇರುವುದೆಂಬ ವಿಷಯದಲ್ಲಿ ತಜ್ಞರಲ್ಲಿ ಇಂದಿಗೂ ಭಿನ್ನಾಭಿಪ್ರಾಯವುಂಟು; ಮೂಲತತ್ತ್ವವು ಮಾತ್ರ ಬಿದ್ದುಹೋಗಿಲ್ಲ.

ಇನ್ನು ದೋಷಗಳು. ಯುದ್ಧಾನಂತರ ಹುಟ್ಟಿದ ಮಕ್ಕಳು ಹರಕುಮುರುಕು ಮಾತನ್ನಷ್ಟೇ ಆಡುವಂತೆ ಚಿತ್ರ ತೋರಿಸುತ್ತದೆ. ಇದನ್ನು ನಂಬುವುದು ಕಷ್ಟ. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಕಿವುಡ ಮಕ್ಕಳನ್ನು ಶಾಲೆಯಲ್ಲಿ ಒಂದುಗೂಡಿಸಿದಾಗ, ಯಾರೂ ಕಲಿಸದಿದ್ದರೂ ಅವರು ತಮ್ಮದೇ ಆದ ಸಂಜ್ಞಾಭಾಷೆಯನ್ನು ಕಟ್ಟಿಕೊಂಡರು. ನಾಲ್ಕು ಮಕ್ಕಳು ಕೂಡಿದೆಡೆ ಭಾಷೆ ಅಷ್ಟು ಸುಲಭವಾಗಿ ಸಾಯದು.

ಮನುಷ್ಯರು ಹರಿದ ಎಳೆಗಳನ್ನು ಗಂಟುಹಾಕಲು ಯತ್ನಿಸುವರೆಂಬುದನ್ನೂ ಚಿತ್ರ ಬಹುಮಟ್ಟಿಗೆ ಮರೆತಿದೆ. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಹಿರೋಷಿಮಾದಲ್ಲಿ ಮೂರೇ ದಿನಗಳ ಬಳಿಕ ಟ್ರ್ಯಾಮು ಅಲ್ಪದೂರವಾದರೂ ಓಡಿತು. ನಿಜ, ಅಲ್ಲಿ ನಾಶವಾದುದು ಒಂದು ನಗರ. ಸುತ್ತಲ ನಾಡು ನೆರವಿಗೆ ಉಳಿದಿತ್ತು. ಎಲ್ಲ ನಗರಗಳೂ ಒಮ್ಮೆಗೇ ಬಿದ್ದರೆ ಆ ನೆರವೆಲ್ಲಿ? ಆದರೂ ಯತ್ನವನ್ನೇ ಅಷ್ಟಾಗಿ ತೋರಿಸದಿರುವುದು ಕೊರತೆಯೇ ಸರಿ.

ಮೂರನೆಯ ಕೊರತೆ ನಮ್ಮಂಥವರಿಗೆ ಮುಖ್ಯವಾದುದು. ಚಿತ್ರದ ದೃಷ್ಟಿ ಬ್ರಿಟನ್ನಿನಾಚೆ ಹಾಯುವುದಿಲ್ಲ. ನಮಗೆ ಚಳಿಗಿಂತ ಮಿಗಿಲಾದ ಭಯ ಮಳೆಯದು. ನೆಲ ತಣ್ಣಗಾದರೆ ಮುಂಗಾರನ್ನು ಸೆಳೆಯುವ ಶಕ್ತಿಯೇ ಕುಗ್ಗುತ್ತದೆ. ಭದ್ರಾ ಜಲಾಶಯ 186 ಅಡಿ ಮುಟ್ಟುವುದೋ ಇಲ್ಲವೋ ಎಂದು ಪ್ರತಿ ಮಳೆಗಾಲದಲ್ಲೂ ಕಾಯುವ ಭತ್ತದ ರೈತನೂ, ಮಳೆಯನ್ನೇ ನೆಚ್ಚಿದ ಮೆಕ್ಕೆಜೋಳದ ರೈತನೂ ಇದರ ಅರ್ಥವನ್ನು ಬಲ್ಲರು. ಭಾರತ-ಪಾಕಿಸ್ತಾನಗಳ ನಡುವೆ ಅಣುಯುದ್ಧವಾದರೆ ಜಗತ್ತಿನಲ್ಲಿ 200 ಕೋಟಿಗೂ ಹೆಚ್ಚು ಜನ ಸಾಯಬಹುದೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರನ್ನು ಕೊಲ್ಲುವುದು ಬಾಂಬಲ್ಲ, ಹಸಿವು.

ಹೀಗೆ ‘ಥ್ರೆಡ್ಸ್’ ಮನುಷ್ಯನ ಚೈತನ್ಯವನ್ನು ಕಡಿಮೆ ಎಣಿಸಿದೆ. ಅವನ ಪರಾವಲಂಬನವನ್ನು ಮಾತ್ರ ಸರಿಯಾಗಿಯೇ ಅಳೆದಿದೆ. ನೋಡಿ ಎದ್ದವರು ಮನೆಯ ನಲ್ಲಿಯನ್ನು ತಿರುಗಿಸುವಾಗ ಆ ನೀರು ಎಷ್ಟು ಕೈಗಳನ್ನು ದಾಟಿ ಬಂತೆಂದು ಒಮ್ಮೆ ಎಣಿಸಿಯಾರು. ಅಷ್ಟಾದರೆ ಚಿತ್ರದ ಶ್ರಮ ಸಾರ್ಥಕ.