ಮಂಡಿ ನೋವು: ಎಣ್ಣೆ ಹಚ್ಚುವ ಮೊದಲು ಯಾವ ನೋವೆಂದು ತಿಳಿಯೋಣ



ಸಂಘದ ಸಭೆ ಮುಗಿದು ಮೇಲೇಳುವಾಗ ಎಷ್ಟು ಜನ ನೆಲಕ್ಕೆ ಕೈ ಊರುತ್ತಾರೆ, ಒಮ್ಮೆ ಗಮನಿಸಿ. "ಕೂತರೆ ಏಳೋಕಾಗಲ್ಲ, ಎದ್ದರೆ ಕೂರೋಕಾಗಲ್ಲ" ಅನ್ನುವ ಮಾತು ನಲವತ್ತೈದು ದಾಟಿದ ಹೆಂಗಸರ ಬಾಯಲ್ಲಿ ದಿನವೂ ಕೇಳುತ್ತೇವೆ. ಬಗ್ಗಿ ನಾಟಿ ಹಾಕುವುದು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಪಾತ್ರೆ ತೊಳೆಯುವುದು, ತಲೆ ಮೇಲೆ ಸೌದೆ ಹೊರುವುದು, ಎಲ್ಲದರ ಭಾರವೂ ಬೀಳುವುದು ಮಂಡಿಯ ಮೇಲೆಯೇ. ಕೆಲವರು "ವಯಸ್ಸಾಯ್ತಲ್ಲ" ಎಂದು ನೋವು ನುಂಗಿಕೊಂಡಿರುತ್ತಾರೆ. ಇನ್ನು ಕೆಲವರು ಸಂತೆಯಲ್ಲಿ ಸಿಗುವ ಪುಡಿಗೆ, ಯಾರೋ ಹೇಳಿದ ಎಣ್ಣೆಗೆ ದುಡ್ಡು ಸುರಿಯುತ್ತಾರೆ. ಅದಕ್ಕಾಗಿ ಸಂಘದಿಂದ ಸಾಲ ತೆಗೆಯುವವರೂ ಇದ್ದಾರೆ.

ಮಂಡಿ ನೋವನ್ನು ಕಡಿಮೆ ಮಾಡುವ ಹಲವು ದಾರಿಗಳು ಆಯುರ್ವೇದದಲ್ಲಿವೆ. ಆದರೆ ಎಲ್ಲ ಮಂಡಿ ನೋವಿಗೂ ಒಂದೇ ಔಷಧಿ ಅಲ್ಲ. ಒಬ್ಬರಿಗೆ ಹಿತವಾದ ಎಣ್ಣೆ ಮತ್ತೊಬ್ಬರ ನೋವನ್ನು ಹೆಚ್ಚಿಸಬಹುದು. ಹಾಗಾಗಿ ಮೊದಲು ನಮ್ಮದು ಯಾವ ನೋವು ಅಂತ ತಿಳಿಯಬೇಕು.

ಎರಡು ಬಗೆಯ ನೋವು

ಮೊದಲನೆಯದು ಸಂಧಿಗತ ವಾತ. ಸಂಧಿ ಅಂದರೆ ಕೀಲು. ವಯಸ್ಸು, ಅತಿಯಾದ ದುಡಿಮೆ, ಹೊತ್ತಿಗೆ ಸರಿಯಾಗಿ ಊಟವಿಲ್ಲದಿರುವುದು, ಇವುಗಳಿಂದ ವಾತ ಹೆಚ್ಚಿ ಕೀಲು ಒಣಗುತ್ತದೆ ಎನ್ನುತ್ತದೆ ಆಯುರ್ವೇದ. ಮಡಚುವಾಗ, ಚಾಚುವಾಗ ನೋವು ಬರುವುದನ್ನೂ ಗಾಳಿ ತುಂಬಿದ ಚೀಲದಂಥ ಊತವನ್ನೂ ಚರಕ ಸಂಹಿತೆಯಲ್ಲಿಯೇ ಹೇಳಿದ್ದಾರೆ. ಇದರಲ್ಲಿ ನಡೆದಾಗ, ಮೆಟ್ಟಿಲು ಹತ್ತಿದಾಗ ನೋವು ಜಾಸ್ತಿ, ವಿಶ್ರಾಂತಿ ಪಡೆದರೆ ಕಡಿಮೆ. ಮಂಡಿ ಕಟಕಟ ಅನ್ನುತ್ತದೆ. ಬೆಳಿಗ್ಗೆ ಕಾಲು ಬಿಗಿದಿದ್ದರೂ ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುತ್ತದೆ. ಡಾಕ್ಟರು "ಸವೆತ" ಅಥವಾ ಆಸ್ಟಿಯೋ ಆರ್ಥ್ರೈಟಿಸ್ ಅನ್ನುವುದು ಹೆಚ್ಚಾಗಿ ಇದನ್ನೇ.

ಎರಡನೆಯದು ಆಮವಾತ. ಜಠರಾಗ್ನಿ ಮಂದವಾದಾಗ ತಿಂದದ್ದು ಪೂರ್ತಿ ಜೀರ್ಣವಾಗದೆ ಅರೆಬೆಂದ ಅನ್ನದ ಹಾಗೆ ಉಳಿಯುತ್ತದೆ. ಅದನ್ನೇ ಆಮ ಎನ್ನುತ್ತಾರೆ. ಆಮವು ವಾತದ ಜೊತೆ ಸೇರಿ ಕೀಲುಗಳಲ್ಲಿ ನಿಂತರೆ ಆಮವಾತ. ಮಾಧವ ನಿದಾನ ಎಂಬ ಹಳೆಯ ಗ್ರಂಥದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಇದರಲ್ಲಿ ಮಂಡಿ ಮಾತ್ರವಲ್ಲ, ಕೈಬೆರಳು, ಮಣಿಕಟ್ಟು ಕೂಡ ಊದಿಕೊಂಡು ಬಿಸಿಯಾಗಬಹುದು. ಬೆಳಿಗ್ಗೆ ಬಿಗಿತ ಅರ್ಧ ಗಂಟೆ ಕಳೆದರೂ ಹೋಗುವುದಿಲ್ಲ. ಬಾಯಿಗೆ ರುಚಿ ಇಲ್ಲ, ಮೈಭಾರ, ಸಣ್ಣ ಜ್ವರ ಇರಬಹುದು. ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕಾಯಿಲೆಯ ಲಕ್ಷಣಗಳು ಇದಕ್ಕೆ ಹತ್ತಿರ. ಇದು ಚಿಕ್ಕ ವಯಸ್ಸಿನವರಿಗೂ ಬರುತ್ತದೆ. ರಕ್ತಪರೀಕ್ಷೆ ಮಾಡಿಸಿ ಬೇಗ ಚಿಕಿತ್ಸೆ ಶುರುಮಾಡದಿದ್ದರೆ ಬೆರಳು, ಕೀಲುಗಳು ಸೊಟ್ಟಗಾಗುತ್ತವೆ. ಆದ್ದರಿಂದ ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಸವೆತದ ನೋವಿಗೆ ಎಣ್ಣೆ ಮತ್ತು ಶಾಖ

ಒಣಗಿದ ಕೀಲಿಗೆ ಎಣ್ಣೆಯ ಜಿಡ್ಡು ಮತ್ತು ಬಿಸಿ ಹಿತ. ವಾತಕ್ಕೆ ಎಳ್ಳೆಣ್ಣೆ ಬಹಳ ಒಳ್ಳೆಯದು. ದುಬಾರಿ ಬಾಟಲಿಯೇ ಬೇಕೆಂದಿಲ್ಲ.

ಮನೆಯಲ್ಲಿ ಮಾಡುವ ವಿಧಾನ: ಎರಡು ಮೂರು ಚಮಚ ಎಳ್ಳೆಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಮಂಡಿಯ ಸುತ್ತ, ತೊಡೆ ಮತ್ತು ಮೀನಖಂಡಕ್ಕೂ ಸೇರಿಸಿ ಹತ್ತು ಹದಿನೈದು ನಿಮಿಷ ಮೆಲ್ಲಗೆ ಸವರಿ. ಜೋರಾಗಿ ಒತ್ತಿ ತಿಕ್ಕುವುದು ಬೇಡ. ಆಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಿ. ಲಕ್ಕಿ ಸೊಪ್ಪು, ಹರಳು ಎಲೆ ಸಿಕ್ಕಿದರೆ ಹೆಚ್ಚಿ, ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡಬಹುದು. ಬಿಸಿಯನ್ನು ಮೊದಲು ಕೈಯ ಹಿಂಭಾಗಕ್ಕೆ ಇಟ್ಟು ನೋಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿರುವವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಅವರಿಗೆ ಬೇರೆಯವರೇ ಬಿಸಿ ನೋಡಿ ಕೊಡಬೇಕು. ಗಾಯ, ಹುಣ್ಣು ಇದ್ದ ಕಡೆ ಎಣ್ಣೆಯೂ ಬೇಡ, ಶಾಖವೂ ಬೇಡ.

ಆಯುರ್ವೇದ ಆಸ್ಪತ್ರೆಗಳಲ್ಲಿ ಜಾನುಬಸ್ತಿ ಎಂಬ ಚಿಕಿತ್ಸೆ ಮಾಡುತ್ತಾರೆ. ಉದ್ದಿನ ಹಿಟ್ಟನ್ನು ಕಲಸಿ ಮಂಡಿಯ ಸುತ್ತ ಕಟ್ಟೆ ಕಟ್ಟಿ, ಒಳಗೆ ಬೆಚ್ಚನೆಯ ಔಷಧಿ ಎಣ್ಣೆ ತುಂಬಿ ಅರ್ಧ ಗಂಟೆಯಷ್ಟು ಹೊತ್ತು ನಿಲ್ಲಿಸುತ್ತಾರೆ. ಎಣ್ಣೆ ಆರಿದಂತೆ ಬದಲಾಯಿಸುತ್ತಾರೆ. ಇದನ್ನು ಅಲ್ಲಿಯೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಒಂದು ಮಾತು ನೆನಪಿರಲಿ. ಸವೆದ ಕೀಲನ್ನು ಯಾವ ಎಣ್ಣೆಯೂ ಹೊಸದು ಮಾಡುವುದಿಲ್ಲ. ನೋವು ಕಡಿಮೆಯಾಗಿ ಓಡಾಟ ಸಲೀಸಾಗುತ್ತದೆ, ಅಷ್ಟೇ. ದುಡಿದು ತಿನ್ನುವ ನಮಗೆ ಅದೇನು ಸಣ್ಣ ವಿಷಯವಲ್ಲ.

ಆಮವಾತಕ್ಕೆ ಎಣ್ಣೆ ತಿಕ್ಕಬೇಡಿ

ಊದಿ ಬಿಸಿಯಾದ ಕೀಲಿಗೆ ಎಣ್ಣೆ ಹಚ್ಚಿ ತಿಕ್ಕಿದರೆ ಆಮವಾತ ಹೆಚ್ಚುತ್ತದೆ ಎನ್ನುತ್ತಾರೆ ವೈದ್ಯರು. ಇದಕ್ಕೆ ಒಣ ಶಾಖ. ಶುದ್ಧವಾದ ಮರಳನ್ನು ಬಾಣಲೆಯಲ್ಲಿ ಬಿಸಿಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುತ್ತಾರೆ. ಊಟ ಹಗುರವಾಗಿರಬೇಕು: ಬಿಸಿ ಗಂಜಿ, ಹುರುಳಿ ಕಟ್ಟು, ಶುಂಠಿ ಹಾಕಿದ ಸಾರು. ಮೊಸರು, ಕರಿದ ತಿಂಡಿ, ರಾತ್ರಿಯ ತಂಗಳು ಬೇಡ. ಹರಳೆಣ್ಣೆಯನ್ನು ಹೊಟ್ಟೆಗೆ ಕೊಡುವ ಕ್ರಮವೂ ಇದೆ. ಅದನ್ನು ವೈದ್ಯರು ಅಳತೆ ಹೇಳಿದರೆ ಮಾತ್ರ ತೆಗೆದುಕೊಳ್ಳಿ. ಗರ್ಭಿಣಿಯರು ತೆಗೆದುಕೊಳ್ಳಲೇಬಾರದು.

ಕಾಲಿಗೆ ಬಲ, ಕೆಲಸದಲ್ಲಿ ಬದಲಾವಣೆ

ಜರ್ಮನಿಯಲ್ಲಿ ಮಂಡಿ ಸವೆತವಿದ್ದ 151 ಜನರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. 12 ವಾರಗಳ ಆಯುರ್ವೇದ ಚಿಕಿತ್ಸೆ ಪಡೆದವರಿಗೆ ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಆರಾಮ ಸಿಕ್ಕಿತು. ಅವರಿಗೆ ಕೊಟ್ಟದ್ದು ಒಂದು ಮಾತ್ರೆಯಲ್ಲ. ಎಣ್ಣೆ ಸ್ನೇಹನ, ಆಹಾರ, ಯೋಗ, ಜೀವನಕ್ರಮ ಎಲ್ಲವೂ ಸೇರಿತ್ತು. ನಾವು ಮಾಡಬಹುದಾದದ್ದು ಇಷ್ಟು:

1. ಚಾಪೆಯ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಡಿ. ಮಂಡಿಯನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡಿ. ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ತೊಡೆಗೆ ಬಲ ಬಂದರೆ ಮಂಡಿಗೆ ಭಾರ ಕಡಿಮೆ.
2. ಪಾತ್ರೆ, ಬಟ್ಟೆ ತೊಳೆಯಲು ಎತ್ತರದ ಸ್ಟೂಲ್ ಬಳಸಿ. ಹೊರೆಯನ್ನು ಎರಡು ಮಾಡಿ ಎರಡು ಸಲ ತನ್ನಿ.
3. ಪಾಯಿಖಾನೆಯಲ್ಲಿ ಕುಕ್ಕರಗಾಲಲ್ಲಿ ಕೂರಲಾಗದವರಿಗೆ ಮೇಲೆ ಇಡುವ ಪ್ಲಾಸ್ಟಿಕ್ ಕಮೋಡ್ ಸ್ಟೂಲ್ ಸಿಗುತ್ತದೆ.
4. ಮೈತೂಕ ಹೆಚ್ಚಿದ್ದರೆ ಇಳಿಸಿ. 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕೆ.ಜಿ. ಇಳಿಯುತ್ತದೆ.

ಎರಡೇ ದಿನದಲ್ಲಿ ಗುಣವಾದರೆ ಅನುಮಾನಪಡಿ

ಆಯುರ್ವೇದ ಔಷಧಿ ನಿಧಾನ. ಲೇಬಲ್ ಇಲ್ಲದ ಪುಡಿ ನುಂಗಿ ಎರಡು ದಿನದಲ್ಲಿ ಹಳೆಯ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಮತ್ತು ಬಿ.ಪಿ. ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಸರಿಯಾಗಿ ತಯಾರಿಸದ ಭಸ್ಮಗಳಲ್ಲಿನ ಸೀಸ, ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತವೆ. ಅಂಥ ಪುಡಿಯನ್ನು ಬಹಳ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ತಡಮಾಡದೆ ಡಾಕ್ಟರಿಗೆ ತೋರಿಸಿ.

ಔಷಧಿ ಕೊಳ್ಳುವಾಗ ತಯಾರಕರ ಹೆಸರು ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನಾಂಕ, ಒಳಗಿರುವ ವಸ್ತುಗಳ ಪಟ್ಟಿ ಇದೆಯೇ ನೋಡಿ. ಓದಲು ಬಾರದವರಿಗೆ ಸಂಘದ ಗೆಳತಿ ಓದಿ ಹೇಳಲಿ. ಗುಗ್ಗುಳು, ಶಲ್ಲಕಿ, ರಾಸ್ನಾದಿ ಕಷಾಯ ಮುಂತಾದವನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ನೀವು ಈಗಾಗಲೇ ತಿನ್ನುತ್ತಿರುವ ಬಿ.ಪಿ., ಸಕ್ಕರೆ ಮಾತ್ರೆಗಳ ವಿಷಯವನ್ನೂ ಹೇಳಿ. ಬೆಂಗಳೂರು, ಮೈಸೂರು, ಬಳ್ಳಾರಿ, ಶಿವಮೊಗ್ಗಗಳಲ್ಲಿ ಸರ್ಕಾರಿ ಆಯುರ್ವೇದ ಕಾಲೇಜುಗಳಿವೆ. ಹತ್ತಿರದ ಸರ್ಕಾರಿ ಆಯುಷ್ ಆಸ್ಪತ್ರೆ ಎಲ್ಲಿದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಒಂದೇ ಕಾಲಿನ ಮೀನಖಂಡ ಊದಿಕೊಂಡರೆ ಎಣ್ಣೆ, ಶಾಖ ಎಂದು ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಭೆಯಲ್ಲಿ ಹೀಗೆ ಮಾಡೋಣ

ಮಂಡಿ ನೋವಿರುವವರು ಯಾರು, ಬೆಳಿಗ್ಗೆ ಬಿಗಿತ ಎಷ್ಟು ಹೊತ್ತು ಇರುತ್ತದೆ, ಏನು ಔಷಧಿ ತಿನ್ನುತ್ತಿದ್ದಾರೆ ಎಂದು ಕೇಳಿ ತಿಳಿಯೋಣ. ಅರ್ಧ ಗಂಟೆಗಿಂತ ಹೆಚ್ಚು ಬಿಗಿತವಿರುವವರನ್ನು ಇಬ್ಬರು ಜೊತೆಗೂಡಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ. ಔಷಧಿಗೆಂದು ಸಾಲ ಕೇಳಿದರೆ ವೈದ್ಯರ ಚೀಟಿ ನೋಡಿ ಕೊಡೋಣ. ಸಭೆಗೆ ನಾಲ್ಕು ಕುರ್ಚಿ ತರಿಸಿ, ನೋವಿರುವವರು ನಾಚಿಕೆಪಡದೆ ಅದರ ಮೇಲೆ ಕೂರಲಿ.