ಗೋಡೆ ಮೇಲಿನ ಪೆನ್ಸಿಲ್ ಗೆರೆ

ನನ್ನ ಮಗನಿಗೆ 14 ತುಂಬಿತ್ತು. ಶಾಲೆಯ ಪ್ರಾರ್ಥನೆ ಸಾಲಿನಲ್ಲಿ ಅವನೇ ಮೊದಲು. ಗೆಳೆಯರಿಗೆಲ್ಲ ಮೀಸೆ ಚಿಗುರಿತ್ತು, ದನಿ ಒಡೆದಿತ್ತು. ಇವನದು ಇನ್ನೂ ಮಗುವಿನ ಕಂಠ. ನೆಂಟರು ಬಂದರೆ ರೂಮಿನಿಂದ ಹೊರಗೇ ಬರ್ತಿರಲಿಲ್ಲ. "ಊಟ ಸರಿಯಾಗಿ ಹಾಕಲ್ವಾ?" ಅಂತ ಅವರು ನನ್ನ ಹೆಂಡತಿಯನ್ನು ಕೇಳೋರು. ನಾನು ಎತ್ತರ ಹೆಚ್ಚಿಸುತ್ತೆ ಅನ್ನೋ ಪುಡಿ ಡಬ್ಬ ತಂದೆ. ಅದರ ಜಾಹೀರಾತು ಬರೋದು ನಮ್ಮಂಥ ಚಾನೆಲ್‌ಗಳಲ್ಲೇ, ಒಪ್ಕೋತೀನಿ.

ಮಕ್ಕಳ ಹಾರ್ಮೋನ್ ತಜ್ಞರು ಮೊದಲು ಕೇಳಿದ್ದು, "ನೀವು ಯಾವಾಗ ಉದ್ದ ಆದ್ರಿ?" ನೆನಪಾಯ್ತು, ಪಿಯುಸಿಯಲ್ಲಿ! ರಕ್ತಪರೀಕ್ಷೆ ಸರಿಯಿತ್ತು. ಎಡಗೈ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು 2 ವರ್ಷ ಹಿಂದಿತ್ತು. ಅಂದರೆ ಬೆಳೆಯಲು ಇನ್ನೂ ಸಮಯ ಇದೆ. ಇಂಥ ತಡ ಎಷ್ಟೋ ಸಲ ಮನೆತನದಲ್ಲೇ ಬರುತ್ತೆ.

ಹಾಗಂತ ಸುಮ್ಮನೆ ಕಾಯಬೇಡಿ. ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಪ್ರೌಢತೆಯ ಲಕ್ಷಣ ಶುರುವಾಗದಿದ್ದರೆ, ಶಾಲೆಗೆ ಹೋಗುವ ಮಗು ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಇರಬಹುದು, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇರಬಹುದು, ಹುಡುಗಿಯರಲ್ಲಿ ಟರ್ನರ್ ಸಿಂಡ್ರೋಮ್ ಇರಬಹುದು. ಮೂಳೆಯ ತುದಿ ಕೂಡಿಕೊಂಡ ಮೇಲೆ ಎತ್ತರಕ್ಕೆ ಔಷಧಿ ಇಲ್ಲ.

ಪುಡಿ ಡಬ್ಬದ ದುಡ್ಡಲ್ಲಿ ಒಂದು ಅಳತೆ ಟೇಪ್ ತನ್ನಿ. 6 ತಿಂಗಳಿಗೊಮ್ಮೆ ಮಗುವನ್ನು ಗೋಡೆಗೆ ನಿಲ್ಲಿಸಿ ಗೆರೆ ಎಳೆಯಿರಿ, ತಾರೀಖು ಬರೆಯಿರಿ. ವೈದ್ಯರಿಗೆ ಆ ಲೆಕ್ಕ ಬೇಕೇ ಬೇಕು. ಇನ್ನು, ಮಗುವಿನ ಮುಂದೆ "ಕುಳ್ಳ" ಅನ್ನೋ ಮಾತು ಯಾರೇ ಆಡಲಿ, ನೆಂಟರೇ ಆಗಿರಲಿ, ಅಲ್ಲೇ ತಡೀರಿ.