ಪ್ರತಿಬಿಂಬಿತ ಡಿಸ್ಕ್‌ಗಳ ಅನುಕ್ರಮ ಓದಿನ ಪರೀಕ್ಷೆ

ಒಂದೇ ದತ್ತಾಂಶವನ್ನು ಎರಡು ಅಥವಾ ಹೆಚ್ಚು ಡಿಸ್ಕ್‌ಗಳಲ್ಲಿ ಯಥಾವತ್ತಾಗಿ ಬರೆದಿಡುವ ವ್ಯವಸ್ಥೆಗೆ ಪ್ರತಿಬಿಂಬನ ಅಥವಾ ರೈಡ್-1 ಎಂದು ಹೆಸರು. ಪ್ರತ್ಯೇಕ ನಿಯಂತ್ರಕ ಕಾರ್ಡಿನ ಬದಲು ಕಾರ್ಯಾಚರಣ ವ್ಯವಸ್ಥೆಯೇ ಇದನ್ನು ನಿರ್ವಹಿಸಿದರೆ ಅದು ಸಾಫ್ಟ್‌ವೇರ್ ರೈಡ್. ಇಂತಹ ಜೋಡಿಯಿಂದ ದೊಡ್ಡ ಕಡತವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವ ವೇಗವನ್ನು ಅಳೆಯುವುದು ಅನುಕ್ರಮ ಓದಿನ ಪರೀಕ್ಷೆ. ರೈಡ್ ಎಂಬ ಹೆಸರನ್ನು ಪ್ರಚಾರಕ್ಕೆ ತಂದದ್ದು ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ಅವರ 1988ರ ಪ್ರಬಂಧ; ಪ್ರತಿಬಿಂಬನದ ಪದ್ಧತಿ ಅದಕ್ಕಿಂತ ಹಳೆಯದು.

ವೇಗ ಏಕೆ ಇಮ್ಮಡಿಯಾಗದು

ಅರಸೀಕೆರೆ, ಬೇಲೂರು, ಹಳೇಬೀಡುಗಳ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟವನ್ನೂ (1902) ದೇವಾಲಯಗಳ ಛಾಯಾಚಿತ್ರಗಳನ್ನೂ 40 ಗಿಗಾಬೈಟ್‌ನ ಒಂದೇ ಕಡತವಾಗಿ ಇರಿಸಲಾಗಿದೆ ಎಂದು ಭಾವಿಸೋಣ. ಸೆಕೆಂಡಿಗೆ 150 ಮೆಗಾಬೈಟ್ ಓದುವ ಒಂದು ಡಿಸ್ಕಿಗೆ ಇದು ಸುಮಾರು ನಾಲ್ಕೂವರೆ ನಿಮಿಷದ ಕೆಲಸ. ಡಿಸ್ಕ್‌ಗಳು ಎರಡಾದರೆ ಕಾಲ ಅರ್ಧವಾಗಬೇಕೆಂಬುದು ಸಹಜ ನಿರೀಕ್ಷೆ. ಆದರೆ ಲಿನಕ್ಸ್‌ನ ರೈಡ್-1ರಲ್ಲಿ ಸಾಮಾನ್ಯವಾಗಿ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ.

ಕಾರಣ ಸುತ್ತುವ ತಟ್ಟೆಯಲ್ಲಿದೆ. ಸಮಸಂಖ್ಯೆಯ ಖಂಡಗಳನ್ನು ಒಂದು ಡಿಸ್ಕಿನಿಂದ, ಬೆಸಸಂಖ್ಯೆಯವನ್ನು ಮತ್ತೊಂದರಿಂದ ಓದಿದರೂ, ಬಿಟ್ಟ ಖಂಡಗಳು ಓದುಮುಳ್ಳಿನ ಕೆಳಗೆ ಹಾದುಹೋಗುವವರೆಗೆ ಕಾಯಲೇಬೇಕು, ಉಳಿತಾಯವೇನೂ ಇಲ್ಲ. ಆದ್ದರಿಂದ ಲಿನಕ್ಸ್ ಅನುಕ್ರಮ ಓದನ್ನು ಆರಂಭಿಸಿದ ಡಿಸ್ಕಿನಲ್ಲೇ ಮುಂದುವರಿಸುತ್ತದೆ. ಇಬ್ಬರು ಬಳಕೆದಾರರು ಏಕಕಾಲದಲ್ಲಿ ಬೇರೆ ಬೇರೆ ಕಡತಗಳನ್ನು ಓದಿದಾಗ ಮಾತ್ರ ಎರಡನೆಯ ಡಿಸ್ಕಿನ ಪ್ರಯೋಜನ ಸ್ಪಷ್ಟವಾಗಿ ಕಾಣುತ್ತದೆ. ಎಸ್‌ಎಸ್‌ಡಿಗಳಲ್ಲಿ ತಟ್ಟೆಯೇ ಇಲ್ಲದ ಕಾರಣ ಈ ವಿವರಣೆ ಅವುಗಳಿಗೆ ಹೊಂದದು.

ಪರೀಕ್ಷಿಸುವ ಕ್ರಮ

ಅತ್ಯಂತ ಸಾಮಾನ್ಯ ತಪ್ಪು ಸ್ಮೃತಿಯ ವೇಗವನ್ನು ಡಿಸ್ಕಿನ ವೇಗವೆಂದು ಭ್ರಮಿಸುವುದು. ಒಮ್ಮೆ ಓದಿದ ಕಡತ ರ‍್ಯಾಮ್‌ನಲ್ಲಿ ಉಳಿದು, ಎರಡನೆಯ ಸಲ ಸೆಕೆಂಡಿಗೆ ಹಲವು ಗಿಗಾಬೈಟ್ ವೇಗ ತೋರಬಹುದು. ಪರೀಕ್ಷೆಯ ಕಡತವು ರ‍್ಯಾಮ್‌ಗಿಂತ ಸಾಕಷ್ಟು ದೊಡ್ಡದಿರಬೇಕು, ಇಲ್ಲವೇ ಪ್ರತಿ ಓದಿಗೆ ಮುನ್ನ ಕ್ಯಾಶ್ ಬರಿದು ಮಾಡಬೇಕು. ಜೋಡಿಯ ಮರುಹೊಂದಾಣಿಕೆ ನಡೆಯುತ್ತಿರುವಾಗ ಅಳತೆ ಮಾಡಬಾರದು. ಮೊದಲು ಪ್ರತಿ ಡಿಸ್ಕನ್ನು ಬಿಡಿಯಾಗಿ, ನಂತರ ಜೋಡಿಯನ್ನು ಒಬ್ಬ ಓದುಗನಿಂದ, ಕೊನೆಗೆ ಇಬ್ಬರಿಂದ ಅಳೆಯುವುದು ಉಚಿತ. ಡಿಡಿ, ಫಿಯೊ ಮೊದಲಾದ ತಂತ್ರಾಂಶಗಳು ಇದಕ್ಕೆ ಬಳಕೆಯಲ್ಲಿವೆ. ಯಾವ ಡಿಸ್ಕ್ ದುಡಿಯುತ್ತಿದೆ ಎಂಬುದನ್ನು ಐಒಸ್ಟ್ಯಾಟ್ ತೋರಿಸುತ್ತದೆ. ತಟ್ಟೆಯ ಹೊರ ಅಂಚಿನಲ್ಲಿ ಓದು ವೇಗವಾಗಿಯೂ ಒಳ ಅಂಚಿನಲ್ಲಿ ನಿಧಾನವಾಗಿಯೂ ಇರುವುದರಿಂದ, ಹೋಲಿಸುವ ಅಳತೆಗಳೆಲ್ಲ ಡಿಸ್ಕಿನ ಒಂದೇ ಭಾಗದವಾಗಿರಬೇಕು.

ಪರ್ಯಾಯ

ಒಬ್ಬನೇ ಓದುಗನಿಗೂ ಎರಡೂ ಡಿಸ್ಕ್‌ಗಳ ವೇಗ ಬೇಕಿದ್ದರೆ ಲಿನಕ್ಸ್‌ನ ರೈಡ್-10ರ 'ದೂರ' ವಿನ್ಯಾಸವಿದೆ. ಇದರಲ್ಲಿ ಮೊದಲ ಪ್ರತಿಯ ಖಂಡಗಳು ಎರಡು ಡಿಸ್ಕ್‌ಗಳಿಗೆ ಹಂಚಿಹೋಗಿ ಪ್ರತಿ ಡಿಸ್ಕಿನಲ್ಲೂ ಒತ್ತಾಗಿ ಕೂರುತ್ತವೆ. ಬಿಟ್ಟುಹೋಗುವ ಖಂಡಗಳೇ ಇರುವುದಿಲ್ಲ. ಎರಡನೆಯ ಪ್ರತಿ ಅದಲುಬದಲಾಗಿ ಡಿಸ್ಕಿನ ಇನ್ನೊಂದು ಅರ್ಧದಲ್ಲಿರುವುದರಿಂದ, ಬರೆಯುವಾಗ ಓದುಮುಳ್ಳು ದೂರ ಓಡಾಡಬೇಕಾಗಿ ಬರವಣಿಗೆ ನಿಧಾನವಾಗಬಹುದು.